ಅಪ್ಪನ ಎಡೆಗೆ ತಂದ ಬಾಟಲಿ

ಆ ಬಾಟಲಿಯನ್ನು ಅಂಗಡಿಯಿಂದ ತಂದವಳು ನಾನೇ. ಇದನ್ನು ಮೊದಲು ಬರೆದುಬಿಡಬೇಕು.

ಅವ್ವ ಕುಡಿಯುವುದನ್ನು ಬಿಟ್ಟು ಹನ್ನೊಂದು ತಿಂಗಳಾಗಿತ್ತು. ಪಾಪಿನಾಯಕನಹಳ್ಳಿಯ ಮನೆಯಲ್ಲಿ ಅಂದು ಹಿರಿಯರ ಹಬ್ಬ. ಸತ್ತವರ ಫೋಟೋದ ಮುಂದೆ ಅವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಟ್ಟು, ಅವರು ಬಂದು ಉಣ್ಣಲಿ ಎಂದು ಕೋಣೆಯ ಬಾಗಿಲು ಮುಚ್ಚಿ ನಾವೆಲ್ಲ ಹೊರಗೆ ಕೂರುತ್ತೇವೆ. ಬಾಗಿಲು ತೆರೆದ ಮೇಲೆ ಎಡೆಯಲ್ಲಿದ್ದದ್ದೆಲ್ಲ ಪ್ರಸಾದ. ಎಡೆ ಇಟ್ಟವರೇ ಅದನ್ನು ಮೊದಲು ಬಾಯಿಗೆ ಹಾಕಿಕೊಳ್ಳಬೇಕು. ನಮ್ಮ ಮನೆಯಲ್ಲಿ ಎಡೆ ಇಡುವವಳು ಅವ್ವ.

ಅಪ್ಪನ ಅಕ್ಕ ಕಂಪ್ಲಿಯಿಂದ ಬಂದಿದ್ದಳು. ನಾನು ತಂದಿದ್ದ ಮೊಟ್ಟೆ, ಮಿರ್ಚಿ, ಬೀಡಿಕಟ್ಟು ನೋಡಿ ಕೇಳಿದಳು:

“ಏ ಹುಡುಗಿ, ಮುಖ್ಯವಾದದ್ದ ಎಲ್ಲಿ? ಅದಿಲ್ದ ನಿಮ್ಮಪ್ಪ ಹೊಸ್ತಿಲ ದಾಟ್ತಾನೇನು? ಜಲ್ದಿ ಹೋಗಿ ಬಾ.”

ಹೋದೆ. ಸಂಡೂರಿನ ಶಾಲೆಯಲ್ಲಿ ಪಾಠ ಹೇಳುವ ನಾನು, ಬೇಡ ಎನ್ನದೆ ಹೋದೆ. ಸೆರೆಯಂಗಡಿಯ ಆ ದಾರಿ ನನ್ನ ಕಾಲಿಗೆ ಗೊತ್ತಿತ್ತು. ಅವ್ವ ಗಣಿಯಲ್ಲಿ ಅದಿರು ಜರಡಿ ಹಿಡಿಯುತ್ತಿದ್ದ ಕಾಲದಲ್ಲಿ, ಗಂಟಲಿನ ಧೂಳು ಇಳಿಯಲಿ, ಮೈನೋವು ಹೋಗಲಿ ಎಂದು ಕುಡಿಯಲು ಶುರು ಮಾಡಿದ್ದಳು. ಆಮೇಲೆ ಕಾರಣ ಬೇಕಾಗಲಿಲ್ಲ. ಎಂಟು ವರ್ಷದ ನನ್ನ ಕೈಗೆ ಬಟ್ಟೆಚೀಲ ಕೊಟ್ಟು ಅಂಗಡಿಗೆ ಅಟ್ಟುತ್ತಿದ್ದಳು. ತಡವಾದರೆ ಏನಾಗುತ್ತಿತ್ತು ಎಂಬುದಕ್ಕೆ ನನ್ನ ಎಡಹುಬ್ಬಿನ ಮೇಲೆ ಗುರುತಿದೆ.

ಮರಳಿ ಬಂದಾಗ ಅವ್ವ ನನ್ನ ಚೀಲ ನೋಡಿದಳು. ಬಾಟಲಿ ತೆಗೆದುಕೊಂಡು ಎಡೆಯ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು.

ಬಾಗಿಲು ಮುಚ್ಚಿದ ಮೇಲೆ ಅಲ್ಲಿ ಬದುಕಿರುವವರು ಇರಬಾರದು. ಅತ್ತೆ ಬಾಗಿಲು ಬಡಿದಳು. “ಹೊರಗ ಬಾರವ್ವಾ!” ಒಳಗೆ ಮುಚ್ಚಳ ಮುರಿದ ಸದ್ದು ನನಗೆ ಕೇಳಿತು. ಆಮೇಲೆ ಯಾವ ಸದ್ದೂ ಇಲ್ಲ. ಗೋಡೆಗೆ ಒರಗಿ ನಿಂತೆ. ಆ ಹನ್ನೊಂದು ತಿಂಗಳು ಪ್ರತಿ ಶನಿವಾರ ಊರಿಗೆ ಬಂದೊಡನೆ ನಾನು ಅವಳ ಬಾಯಿ ಮೂಸುತ್ತಿದ್ದೆ. ಅವಳೂ ಬೇಸರವಿಲ್ಲದೆ ಬಾಯಿ ತೆರೆಯುತ್ತಿದ್ದಳು.

ಚಿಲಕ ತೆಗೆದ ಸದ್ದಾಯಿತು. ಬಾಟಲಿ ಅವ್ವನ ಕೈಯಲ್ಲಿತ್ತು, ಕತ್ತಿನವರೆಗೂ ತುಂಬಿತ್ತು. ಅವಳು ನಮ್ಮ ನಡುವೆಯೇ ಹಾದು ಹಿತ್ತಲಿನ ಬಚ್ಚಲಿಗೆ ಹೋಗಿ ಅದನ್ನು ಬೋರಲು ಹಾಕಿದಳು. ಪೂರ್ತಿ ಸುರಿಯುವವರೆಗೂ ಹಿಡಿದೇ ನಿಂತಿದ್ದಳು.

“ಅಯ್ಯಯ್ಯ! ಅಂವಗ ಅದಂದ್ರ ಭಾಳ ಇಷ್ಟ ಇತ್ತಲ್ಲಬೇ!” ಅತ್ತೆ ಕೂಗಿದಳು.

“ಇಷ್ಟ ಇತ್ತು ಅಂತನ ಅಲ್ಲೇನ್ರಿ ಅಕ್ಕಾರ, ಫೋಟೋದಾಗ ಕುಂತಾನ.”

“ಸತ್ತಾಂವ ಉಪವಾಸ ಹೋದ್ರ?”

“ಅನ್ನ ಐತಿ, ಮೊಟ್ಟಿ ಐತಿ. ನೀರಡಿಕಿ ಆದ್ರ ನೀರ ಕುಡೀಲಿ. ನನ್ನ ಮನ್ಯಾಗ ಇನ್ನ ಸತ್ತವ್ರಿಗೂ ಸೆರೆ ಇಲ್ರಿ.”

ಅತ್ತೆ ಊಟ ಮಾಡದೆ ಬಸ್ಸು ಹತ್ತಿದಳು. ಮುಂದಿನ ವರ್ಷ ಬರುವುದಿಲ್ಲ ಎಂದಳು. “ಬರ್ರಿ, ಬ್ಯಾಡ ಅನ್ನಾಂಗಿಲ್ಲ. ಎಡಿ ಮಾತ್ರ ಹಿಂಗ ಇರ್ತೈತಿ,” ಎಂದಳು ಅವ್ವ.

ಬಚ್ಚಲಿಗೆ ನೀರು ಹೊಯ್ದು ತೊಳೆದೆವು. ಅವ್ವ ಚೊಂಬು ಕೆಳಗಿಟ್ಟಳು. ಅವಳೇ ಹೇಳಿದಳು:

“ಸುಳ್ಳ ಹೇಳಾಂಗಿಲ್ಲ. ತುಟಿತನಕ ಒಯ್ದಿದ್ದೆ.” ನನ್ನ ಹುಬ್ಬಿನ ಗುರುತನ್ನು ಒದ್ದೆ ಬೆರಳಿಂದ ಮುಟ್ಟಿದಳು. ಅದುವರೆಗೆ ಅವಳು ಅದನ್ನು ಮುಟ್ಟಿದ್ದೇ ಇಲ್ಲ. “ಇದು ನಾ ಮಾಡಿದ್ದು. ಇನ್ನ ಯಾರ ಕಳ್ಸಿದ್ರೂ ಆ ಅಂಗಡಿಗೆ ಹೋಗಬ್ಯಾಡ. ನಾನ ಕಳ್ಸಿದ್ರೂ ಹೋಗಬ್ಯಾಡ.”

“ನೀ ಕಳ್ಸಿದ್ರೂ ಹೋಗಂಗಿಲ್ಲ,” ಎಂದೆ. ನನ್ನ ಅವ್ವನಿಗೆ ನಾನು ಎದುರು ನಿಂತು ಹೇಳಿದ ಮೊದಲ ‘ಇಲ್ಲ’ ಅದು. ಹೇಳಲು ಕಲಿಸಿದವಳೂ ಅವಳೇ.