ರೆಕ್ಕೆಯೊಳಗಿನ ಬೈರಮ್ಮ

ಕೋಳಿ ಕೂಗಿ ಇನ್ನೂ ಮುಗಿದಿಲ್ಲ. ಕೃಷ್ಣರಾಜಪುರದಾಚೆ, ರಾಗಿ ಹೊಲದ ಅಂಚಿನ ತಗಡಿನ ಕೊಟ್ಟಿಗೆಯಲ್ಲಿ ಎರಡು ಎಂಜಿನ್ನಿನ ಹಳೆಯ ವಿಮಾನವೊಂದು ನಿಂತಿದೆ. ಅದರ ಎಡ ರೆಕ್ಕೆಯ ಬುಡದಲ್ಲಿ ಒಂದು ಕಿಂಡಿ. ಆ ಕಿಂಡಿಯಿಂದ ಎರಡು ಬರಿಗಾಲು ಆಚೆ ಚಾಚಿಕೊಂಡಿವೆ. ಮಿಕ್ಕ ಬೈರಮ್ಮ ಒಳಗಿದ್ದಾರೆ.

ಹೊರಗೆ ಸುತ್ತಿಗೆ ಹಿಡಿದು ನಿಂತವರು ಶಿವಾಜಿನಗರದ ನಜೀರ್. ಅವರು ಹೊರಗಿನಿಂದ ರಿವೆಟ್ಟಿನ ತಲೆಗೆ ಹೊಡೆಯುವಾಗ ಒಳಗಿನವರು ಅದರ ಬಾಲಕ್ಕೆ ಕಬ್ಬಿಣದ ಗಟ್ಟಿಯೊಂದನ್ನು ಒತ್ತಿ ಹಿಡಿಯಬೇಕು. ಬಾಲ ಚಪ್ಪಟೆಯಾದರೆ ತಗಡಿಗೆ ತಗಡು ಕಚ್ಚಿಕೊಳ್ಳುತ್ತದೆ. ಒಬ್ಬರ ಮುಖ ಇನ್ನೊಬ್ಬರಿಗೆ ಕಾಣದು, ಆ ಸದ್ದಿನಲ್ಲಿ ಮಾತೂ ಕೇಳದು. ಹಾಗಾಗಿ ಇವರ ಮಾತೆಲ್ಲ ಟಕ್ಕಿನಲ್ಲೇ. ಒಳಗಿನಿಂದ ಒಂದು ಟಕ್ ಬಂದರೆ ಸರಿಯಾಗಿ ಕೂತಿದೆ ಎಂದರ್ಥ. ಎರಡು ಬಂದರೆ ಇನ್ನೊಂದು ಏಟು ಹಾಕು. ಮೂರು ಬಂದರೆ ಕೆಟ್ಟಿತು, ಕಿತ್ತು ಬಿಸಾಡು.

"ಮನೇಲಿ ಬೀಬಿ ಹತ್ರ ಕೂಡ ಇಷ್ಟು ಚೆನ್ನಾಗಿ ಮಾತಾಡಲ್ಲ ನಾನು" ಎಂದು ನಜೀರ್ ನಗುತ್ತಾರೆ. ಒಳಗಿನಿಂದ ಮೂರು ಟಕ್ ಬರುತ್ತವೆ.

ಈ ವಿಮಾನ ಎರಡನೆಯ ಮಹಾಯುದ್ಧಕ್ಕೂ ಎಷ್ಟೋ ಮುಂಚಿನದು. ಯಾವುದೋ ಸಂಸ್ಥಾನದ ಅರಸರು ಶಿಕಾರಿಗೆ ಹೋಗಲು ತರಿಸಿದ್ದಂತೆ. ಯುದ್ಧ ಬಂದಾಗ ಸರ್ಕಾರ ಅದನ್ನು ಎಳೆದುಕೊಂಡಿತು, ದುಡಿಸಿಕೊಂಡಿತು, ಮುಗಿದ ಮೇಲೆ ಹರಾಜಿಗೆ ಹಾಕಿತು. ಹಿಡಿದವರು ಮೂವರು. ಕೃಷ್ಣರಾಜಪುರದಲ್ಲಿ ಲಾರಿ ಇಟ್ಟಿರುವ ಮುನಿರಾಜಪ್ಪನವರು, ಸೈಕಲ್ ಅಂಗಡಿಯ ನಜೀರ್, ಮತ್ತು ಕಿವಿಯ ಓಲೆ ಬಿಚ್ಚಿಕೊಟ್ಟ ಜೋಗುಪಾಳ್ಯದ ಬೈರಮ್ಮ. ಪಾಲು ಹೇಗೆ ಎಂದು ಕೇಳಿದರೆ ಬೈರಮ್ಮನ ಉತ್ತರ ಸಿದ್ಧವಾಗಿರುತ್ತದೆ: "ಜಾಗ ಮುನಿರಾಜಪ್ಪ ಯಜಮಾನ್ರುದು, ಎಂಜಿನ್ ನಜೀರುದು, ರೆಕ್ಕೆ ನಂದು."

ಊರು ಸುಮ್ಮನಿರುತ್ತದೆಯೇ? ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಆಡಿಕೊಳ್ಳುತ್ತದೆ. ಸಂತೆಗೆ ಬಂದವರು ಕೊಟ್ಟಿಗೆಯೊಳಗೆ ಇಣುಕಿ, ಮೊಟ್ಟೆ ಎಷ್ಟು ಇಡುತ್ತದೆ ಎಂದು ಕೇಳುತ್ತಾರೆ. ಭಾನುವಾರ ಬೆಳಗ್ಗೆ ನಜೀರ್ ಎರಡೂ ಎಂಜಿನ್ನುಗಳನ್ನು ಕೂಗಿಸಿದಾಗ ಮಾತ್ರ ಆ ಬಾಯಿಗಳು ಮುಚ್ಚುತ್ತವೆ. ಅಕ್ಕಪಕ್ಕದ ಹೊಲದ ಹಸುಗಳು ಹಗ್ಗ ಕಿತ್ತುಕೊಂಡು ಓಡುತ್ತವೆ, ಹಸುವಿನವರು ಬೈಯುತ್ತಾ ಹಿಂದೆ ಓಡುತ್ತಾರೆ. ಬೈರಮ್ಮ ರೆಕ್ಕೆಯ ಮೇಲೆ ಅಂಗೈ ಇಟ್ಟುಕೊಂಡು ನಿಂತಿರುತ್ತಾರೆ, ಯಾವ ತಗಡು ನಡುಗುತ್ತದೆ, ಯಾವುದು ನಡುಗುವುದಿಲ್ಲ ಎಂದು ನೋಡುತ್ತಾ.

ಯುದ್ಧದ ಕಾಲದ ರಿಪೇರಿ ಶೆಡ್ಡಿನಲ್ಲಿ ಅವರು ಕಸ ಗುಡಿಸುತ್ತಿದ್ದರು. ಒಂದು ದಿನ ಯಾರದೋ ಕೈಯಿಂದ ಕಬ್ಬಿಣದ ಗಟ್ಟಿ ಜಾರಿ ರೆಕ್ಕೆಯೊಳಗೆ ಬಿತ್ತು. ಗಂಡಸರ ಭುಜ ಕಿಂಡಿಯಲ್ಲಿ ತೂರಲಿಲ್ಲ. ಗಿಡ್ಡನೆಯ ಹೆಂಗಸು ಯಾರಾದರೂ ಇದ್ದಾರಾ ಎಂದು ಮೇಸ್ತ್ರಿ ಕೂಗಿದ. ಪೊರಕೆ ಇಟ್ಟು ಒಳಗೆ ಹೋದ ಬೈರಮ್ಮ ಗಟ್ಟಿ ಹುಡುಕಿ ತಂದರು. ನಾಳೆಯೂ ಬಾ ಎಂದ ಮೇಸ್ತ್ರಿ, ಬೈರಮ್ಮ ಹೋದರು. ಹೀಗೆ ಯುದ್ಧ ಮುಗಿಯುವವರೆಗೆ ಅವರು ರೆಕ್ಕೆಗಳೊಳಗೇ ಇದ್ದರು. ಬೇಸಿಗೆಯಲ್ಲಿ ಒಳಗೆ ಒಲೆಯ ಮೇಲಿನ ಬಾಣಲೆ, ಬೆನ್ನೆಲ್ಲ ಬೊಬ್ಬೆ. ಎಡಗಿವಿ ಈಗ ಅರ್ಧ ಮಾತ್ರ ಕೇಳುತ್ತದೆ.

"ಶೆಡ್ಡು ಮುಚ್ಚೋ ದಿನ ಫೋಟೋ ತೆಗುದ್ರು. ಸಾಹೇಬ್ರು, ಮೇಸ್ತ್ರಿ, ಟೀ ತರೋನು, ಎಲ್ಲಾ ಅವ್ರೆ. ನಾನಿಲ್ಲ" ಎನ್ನುತ್ತಾರೆ ಬೈರಮ್ಮ. "ನಾನು ಒಳಗಿದ್ದೆ. ಕೆಲ್ಸ ಬಾಕಿ ಇತ್ತು. ಯಾರೂ ಕರೀಲಿಲ್ಲ." ಅಳುಮೋರೆ ಹಾಕಿಕೊಂಡು ಹೇಳುವ ಮಾತಲ್ಲ ಇದು. ಸಿಟ್ಟು ಇನ್ನೂ ಬಿಸಿಯಾಗಿಯೇ ಇದೆ, ಅದನ್ನು ಆರಿಸಿಕೊಳ್ಳುವ ಇರಾದೆಯೂ ಅವರಿಗಿಲ್ಲ.

ಅಂಥ ವಿಮಾನಗಳೆಲ್ಲ ಈಗ ಎಲ್ಲಿವೆ? ರಸಲ್ ಮಾರ್ಕೆಟ್ಟಿನ ಹಿಂದಿನ ಗುಜರಿ ಸಾಲಿಗೆ ಹೋದರೆ ಉತ್ತರ ಸಿಗುತ್ತದೆ. ಒಡೆದು, ಕರಗಿಸಿ, ತಟ್ಟಿ ಮಾಡಿದ ಅಲ್ಯೂಮಿನಿಯಂ ಪಾತ್ರೆಗಳು ಅಲ್ಲಿ ರಾಶಿ ಬಿದ್ದಿವೆ. ದಂಡು ಪ್ರದೇಶದ ಅರ್ಧ ಮನೆಗಳಲ್ಲಿ ಸಾರು ಕುದಿಯುವುದು ಅವುಗಳಲ್ಲೇ. ಉಳಿದಿರುವ ಈ ಒಂದರ ಮೇಲೂ ಪಾತ್ರೆ ಮಾಡಿಸುವ ಸೇಠೊಬ್ಬರ ಕಣ್ಣಿದೆ.

ಹೋದ ಕಾರ್ತಿಕದಲ್ಲಿ ಮುನಿರಾಜಪ್ಪನವರ ಮನಸ್ಸು ಜಾರಿತು. ಎರಡನೆಯ ಲಾರಿ ನಿಲ್ಲಿಸಲು ಕೊಟ್ಟಿಗೆ ಬೇಕಾಗಿತ್ತು. ಸೇಠು ಮತ್ತೆ ಮತ್ತೆ ಕೇಳಿದಾಗ ಹೂಂ ಎಂದುಬಿಟ್ಟರು. ಪಾಲುದಾರರಿಗೆ ಹೇಳಲಿಲ್ಲ, ಹೇಳುವ ಧೈರ್ಯವೂ ಬರಲಿಲ್ಲ. ಸೇಠಿನ ಆಳುಗಳು ಕೊಡಲಿ, ಗರಗಸ ಹೊತ್ತು ಬಂದ ಬೆಳಗ್ಗೆ ನಜೀರ್ ಎಣ್ಣೆ ತರಲು ಹೋಗಿದ್ದರು, ಕೊಟ್ಟಿಗೆ ಬರಿದಾಗಿ ಕಂಡಿತು. ಆಳೊಬ್ಬ ಕೊಡಲಿಯ ಹಿಂಬದಿಯಿಂದ ಎಡ ರೆಕ್ಕೆಗೆ ಒಂದು ಬಿಟ್ಟ.

ಒಳಗಿನಿಂದ ಟಕ್ ಟಕ್ ಅಂದಿತು.

ಆಳುಗಳು ಹಿಂದಕ್ಕೆ ಸರಿದರು. ಯುದ್ಧದಲ್ಲಿ ಸತ್ತ ಸೋಲ್ಜರನ ದೆವ್ವ ಎಂದ ಒಬ್ಬ. ಇನ್ನೊಬ್ಬ ನೋಡೇಬಿಡೋಣ ಎಂದು ಮೆಲ್ಲಗೆ ತಟ್ಟಿದ. ಮತ್ತೆ ಟಕ್ ಟಕ್. ಅಷ್ಟರಲ್ಲಿ ಬಂದು ಸೈಕಲ್ ಇಳಿದ ನಜೀರ್‌ಗೆ ಮಾತ್ರ ಅದರ ಅರ್ಥ ಗೊತ್ತಿತ್ತು.

"ಅರೆ, ದೆವ್ವ ಅಲ್ರಪ್ಪಾ, ನಮ್ಮಕ್ಕ ಅದು. ಇನ್ನೊಂದು ಏಟು ಹಾಕು ಅಂತಾವ್ಳೆ. ಧೈರ್ಯ ಇದ್ರೆ ಹಾಕಿ" ಎಂದರು.

ಯಾರೂ ಹಾಕಲಿಲ್ಲ. ಸೇಠು ಬಂದು ಗದರಿದರು. ಮುನಿರಾಜಪ್ಪನವರು ಬಂದು ಕಿಂಡಿಯ ಹತ್ತಿರ ಬಗ್ಗಿ, "ಬೈರಮ್ಮ, ಆಚೆ ಬಾ, ಕೂತು ಮಾತಾಡಾಣ" ಎಂದರು.

"ನಾನು ಕೂತೇ ಇದೀನಿ ಯಜಮಾನ್ರೇ. ನೀವು ಮಾತಾಡಿ."

"ಹಠ ಮಾಡ್ಬೇಡಮ್ಮ. ನಾನು ಮಾತು ಕೊಟ್ಟಾಯ್ತು."

"ನಮಗೂ ಮಾತು ಕೊಟ್ಟಿದ್ರಿ. ಮೊದಲು ಕೊಟ್ಟಿದ್ದು ಯಾರಿಗೆ? ಒಡಿಯೋದಾದ್ರೆ ನನ್ನೂ ಸೇರ್ಸಿ ಪಾತ್ರೆ ಮಾಡ್ಸಿ. ಅದರಲ್ಲಿ ಅನ್ನ ಬೇಯ್ತದಾ ನೋಡಾಣ."

ಹೆಂಡತಿಗೆ ಬುದ್ಧಿ ಹೇಳಲಿ ಎಂದು ಗಂಡ ಚಿನ್ನಪ್ಪನವರನ್ನು ಕರೆಸಿದರು. ಅವರು ಹಲಸೂರಿನ ಬ್ಯಾರಕ್ಕಿನಲ್ಲಿ ಅಡುಗೆಯವರು. ಬಂದವರೇ ಗಂಟು ಬಿಚ್ಚಿ, ಮುದ್ದೆ, ಬಸ್ಸಾರಿನ ತಟ್ಟೆಯನ್ನು ಕಿಂಡಿಯೊಳಗೆ ತಳ್ಳಿದರು. "ಬುದ್ಧಿ ಹೇಳು ಅಂದ್ರು. ಅವಳಿಗೆ ಐತಲ್ಲ! ಹೊಟ್ಟೆಗಿರಲಿಲ್ಲ, ಕೊಟ್ಟೆ" ಎಂದು ಈಗಲೂ ಹೇಳುತ್ತಾರೆ. ಬಿಸಿಲು ಏರಿತು, ತಗಡು ಕಾದಿತು, ಒಳಗಿನ ಹೆಂಗಸು ಕದಲಲಿಲ್ಲ. ಕೊನೆಗೆ ಮುನಿರಾಜಪ್ಪನವರೇ ತಲೆಯ ರುಮಾಲು ಬಿಚ್ಚಿ ಮುಖ ಒರೆಸಿಕೊಂಡು, ಸೇಠಿನ ಎದುರಿಗೇ, ಇದನ್ನು ಒಡೆಯುವುದಿಲ್ಲ ಎಂದರು. ಆಮೇಲೆ ಒಳಗಿನಿಂದ ಒಂದೇ ಒಂದು ಟಕ್ ಬಂತು.

ಆ ದಿನವನ್ನು ಪತ್ರಿಕೆಗಾಗಿ ನೆನೆಸಿಕೊಳ್ಳುವಾಗ ಮುನಿರಾಜಪ್ಪನವರು ನಾಚಿಕೊಳ್ಳುತ್ತಾರೆ. "ನಾನು ಸೋತೆ ಅಂತಾನೇ ಬರ್ಕೊಳ್ಳಿ ಸ್ವಾಮಿ. ಸೋತಿದ್ದೇ ಒಳ್ಳೇದಾಯ್ತು. ಲಾರಿ ಹುಣಸೆಮರದ ಕೆಳಗೆ ನಿಂತೈತೆ, ಅದಕ್ಕೇನು ನೆಗಡಿ ಆಗ್ತದಾ?"

ಸೇಠು ಮಾತ್ರ ಸೋಲು ಒಪ್ಪಿಲ್ಲ. ಆ ದಾರಿಯಲ್ಲಿ ಹೋಗುವಾಗಲೆಲ್ಲ ಗಾಡಿ ನಿಲ್ಲಿಸುತ್ತಾರೆ. ನೀವು ಒಡೆಯದಿದ್ದರೆ ಬಿಡಿ, ಮಳೆಗಾಲ ಕಳೆಯಲಿ, ರೆಕ್ಕೆ ತಾನೇ ಉದುರುತ್ತದೆ, ಆಗ ಬುಟ್ಟಿ ತರುತ್ತೇನೆ ಎನ್ನುತ್ತಾರೆ. ಅವರ ಮಾತಿನಲ್ಲಿ ಸುಳ್ಳಿಲ್ಲ. ಹಳೆಯ ರಿವೆಟ್ಟುಗಳು ಒಳಗೊಳಗೇ ಬೂದಿಯಾಗುತ್ತಿವೆ. ಅದಕ್ಕೇ ಬೈರಮ್ಮ ಜೋಗುಪಾಳ್ಯದಿಂದ ಕತ್ತಲಲ್ಲೇ ಹೊರಟು, ಬಿಸಿಲು ಏರುವ ಮುಂಚೆ ಒಳಗಿಳಿದು, ಸತ್ತದ್ದನ್ನು ಕಿತ್ತು ಹೊಸದನ್ನು ಕೂರಿಸುತ್ತಾರೆ. ಒಂದು ತುದಿ ಮುಗಿಯುವಷ್ಟರಲ್ಲಿ ಇನ್ನೊಂದು ತುದಿ ಕೆಡುತ್ತದೆ. "ಕೆಡ್ಲಿ. ನಾನೇನು ಊರು ಬಿಟ್ಟು ಹೋಗ್ತಿದೀನಾ?" ಎನ್ನುತ್ತಾರೆ.

ಇದು ಮತ್ತೆ ಹಾರುತ್ತದೆಯೇ? ನಜೀರ್ ಹಾರುತ್ತದೆ ಎನ್ನುತ್ತಾರೆ, ಮುನಿರಾಜಪ್ಪನವರು ಆಕಾಶ ನೋಡುತ್ತಾರೆ. ಬೈರಮ್ಮ ಈವರೆಗೆ ವಿಮಾನದಲ್ಲಿ ಕೂತು ನೆಲ ಬಿಟ್ಟವರಲ್ಲ. ಆ ಆಸೆ ಇಲ್ಲವೇ ಎಂದರೆ ಮುಖ ಸಿಂಡರಿಸುತ್ತಾರೆ. ಕೂರುವವರು ಬೇಕಾದಷ್ಟು ಜನ ಸಿಗುತ್ತಾರಂತೆ.

ಬಿಸಿಲು ಕೊಟ್ಟಿಗೆಯೊಳಗೆ ಬಂದಿದೆ. ಪತ್ರಿಕೆಯ ಛಾಯಾಗ್ರಾಹಕರು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ನಿಲ್ಲಿಸಿ, ಮುನಿರಾಜಪ್ಪ ಮತ್ತು ನಜೀರ್ ಅವರನ್ನು ವಿಮಾನದ ಮೂತಿಯ ಮುಂದೆ ಸಾಲಾಗಿ ನಿಲ್ಲಿಸುತ್ತಾರೆ. ನಡುವೆ ಜಾಗ ಬಿಟ್ಟು, ಬೈರಮ್ಮನವರೇ, ಆಚೆ ಬನ್ನಿ ಎಂದು ಕರೆಯುತ್ತಾರೆ. ಕಾಲುಗಳು ಅಲ್ಲಾಡುವುದಿಲ್ಲ.

"ಅಲ್ಲಿಂದ ನಿಮ್ಮ ಮುಖ ಬರಲ್ಲವಲ್ಲಮ್ಮಾ?"

"ಬರೋದು ಬೇಡ. ಕರೆದ್ರಲ್ಲ, ಸಾಕು. ಕೆಲ್ಸ ಬಾಕಿ ಐತೆ" ಎಂದು ತಗಡಿನೊಳಗಿನಿಂದ ದನಿ ಬರುತ್ತದೆ. "ರೆಕ್ಕೆ ಪೂರ್ತಿ ಬರೋ ಹಂಗೆ ತೆಗೀರಿ. ಕೆಳಗಡೆ ಎಲ್ರ ಹೆಸರೂ ಹಾಕ್ತೀರಲ್ಲ, ಅಲ್ಲಿ ನನ್ನದೂ ಹಾಕಿ. ಬೈರಮ್ಮ ಒಳಗಿದ್ದಾಳೆ ಅಂತ."