ನಾಗರಾಜಣ್ಣನ ಟ್ಯಾಂಕಿನ ಎರಡನೇ ಮೀನು

ಭಾರತಿ, ಕಚ್ಚಾಡಿ ಕಚ್ಚಾಡಿ ಕೊನೆಗೆ ಹೊಂದಿಕೊಂಡ ಜೋಡಿ ಎಂದು ನಿಮ್ಮಪ್ಪ ಮನೆಗೆ ಬಂದವರಿಗೆಲ್ಲ ತೋರಿಸುತ್ತಿದ್ದರಲ್ಲ — ಆ ಎರಡು ಮೀನುಗಳು ಹೊಂದಿಕೊಂಡಿರಲಿಲ್ಲ. ಒಂದು ಇನ್ನೊಂದನ್ನು ಕೊಂದುಹಾಕಿತ್ತು. ಸತ್ತದ್ದನ್ನು ನಾನು ನಮ್ಮ ಹಿತ್ತಲಿನ ಕರಿಬೇವಿನ ಗಿಡದ ಬುಡದಲ್ಲಿ ಹೂತು, ಅದರ ಜಾಗಕ್ಕೆ ಬೇರೊಂದನ್ನು ತಂದು ಬಿಟ್ಟಿದ್ದೆ. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ. ಎಲ್ಲರಿಗಿಂತ ಮೊದಲು ನಿನಗೆ ಹೇಳಬೇಕಿತ್ತು.

ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯುತ್ತಿಲ್ಲ. ಮೀನಿನ ವಿಷಯ ಹೇಳಹೊರಟರೆ ನಿನ್ನ ವಿಷಯ ಬರುತ್ತದೆ, ನಿನ್ನದನ್ನು ಹೇಳಹೊರಟರೆ ಮೀನು ಅಡ್ಡ ಬರುತ್ತದೆ. ಬೇರೆ ಯಾರಾದರೂ ಕೇಳಿದರೆ, ಒಂದು ಮೀನು ಸತ್ತದ್ದಕ್ಕೆ ಇಷ್ಟೆಲ್ಲ ಯಾಕಯ್ಯ ಎಂದು ನಕ್ಕಾರು. ನೀನು ನಗುವುದಿಲ್ಲ ಎಂದು ಗೊತ್ತು.

ನೀನು ಮದುವೆಯಾಗಿ ಕೃಷ್ಣಗಿರಿಗೆ ಹೋದ ಮೇಲೆ ನಿಮ್ಮಪ್ಪನಿಗೆ ಮನೆ ಬಣಬಣ ಎನ್ನುತ್ತಿತ್ತು. ಶಾಲೆಯಲ್ಲಿ ಪಾಠ ಮಾಡಿ ಬಂದರೆ ಸಂಜೆ ಹೊತ್ತು ಹೋಗುತ್ತಿರಲಿಲ್ಲ. ಅದಕ್ಕೇ ಉಪ್ಪುನೀರಿನ ಟ್ಯಾಂಕ್ ಮಾಡಿಸಿದರು. ಕಡಲೇ ಇಲ್ಲದ ನಮ್ಮ ಗಡಿ ಊರು ಆಲಸನತ್ತಂನಲ್ಲಿ ಸಮುದ್ರ ಸಾಕುವ ಮೇಷ್ಟ್ರು ಎಂದು ನಾನು ಛೇಡಿಸುತ್ತಿದ್ದೆ. ಪಕ್ಕದ ಮನೆಯವನಾದ್ದರಿಂದ ಉಪ್ಪು ಕದಡಲು, ಗಾಜು ಒರೆಸಲು ನನ್ನನ್ನೇ ಕೂಗುತ್ತಿದ್ದರು. ಆಮೇಲೆ ಬಂದವು ಆ ಏಂಜೆಲ್ ಮೀನುಗಳು. ಕೆಂಡದ ಬಣ್ಣ, ಮೈಮೇಲೆ ಕಪ್ಪು ಪಟ್ಟೆ, ಅಂಗೈಯಲ್ಲಿ ಅಡಗುವಷ್ಟು ಗಾತ್ರ. ನೋಡಲು ಅಷ್ಟು ಚೆಂದ, ಬುದ್ಧಿ ಮಾತ್ರ ಬೀದಿ ಜಗಳದವರದು. ಎರಡೂ ಹೆಚ್ಚುಕಡಿಮೆ ಸಮಸಮವಾಗಿದ್ದವು. ಒಟ್ಟಿಗೆ ಬಿಟ್ಟ ಕೂಡಲೇ ಕೊಂಚ ದೊಡ್ಡದಾಗಿದ್ದದ್ದು ಇನ್ನೊಂದರ ಬಾಲ ಹರಿಯಿತು. ನಿಮ್ಮಪ್ಪ ಗಾಬರಿಬಿದ್ದು ಟ್ಯಾಂಕಿನ ನಡುವೆ ತೂತುಗಳಿದ್ದ ಪ್ಲಾಸ್ಟಿಕ್ ಹಲಗೆಯೊಂದನ್ನು ಅಡ್ಡ ಇಟ್ಟರು. ಒಂದನ್ನೊಂದು ನೋಡಬೇಕು, ಮುಟ್ಟಬಾರದು. ನೋಡಿ ನೋಡಿ ರೋಷ ಇಳಿದ ಮೇಲೆ ಹಲಗೆ ತೆಗೆದರೆ ಜೋಡಿಯಾಗುತ್ತವೆ ಎಂದು ಎಲ್ಲೋ ಕೇಳಿಕೊಂಡು ಬಂದಿದ್ದರು.

ಅಷ್ಟರಲ್ಲಿ ಜವಳಗಿರಿಯಲ್ಲಿ ನಿಮ್ಮಜ್ಜಿ ಹಾಸಿಗೆ ಹಿಡಿದರು. ಅಪ್ಪ, ಅಮ್ಮ ಇಬ್ಬರೂ ಅಲ್ಲಿಗೆ ಹೊರಟರು, ಮನೆಯ ಕೀಲಿ ನನ್ನ ಕೈಗೆ ಬಂತು.

"ಊಟ ಹಾಕು, ನೀರು ನೋಡ್ಕೊ. ಆ ಅಡ್ಡ ಮಾತ್ರ ಮುಟ್ಬ್ಯಾಡ ಕಣ್ಲಾ ಮಂಜ. ನಾನ್ ಬಂದ್ಮ್ಯಾಕೆ ನೋಡಾನ," ಎಂದಿದ್ದರು ನಿಮ್ಮಪ್ಪ.

ನಾನು ಮುಟ್ಟಿದೆ. ಯಾಕೆ ಮುಟ್ಟಿದೆ — ನನ್ನ ಗೊಂದಲ ಶುರುವಾಗುವುದೇ ಇಲ್ಲಿಂದ. ಊಟ ಹಾಕಲು ಹೋದಾಗಲೆಲ್ಲ ಎರಡೂ ಹಲಗೆಯ ಆಚೀಚೆ ಬಂದು, ಮೂತಿಗೆ ಮೂತಿ ತಾಗುವಷ್ಟು ಹತ್ತಿರ ನಿಂತಿರುತ್ತಿದ್ದವು. ರೆಕ್ಕೆ ಅಗಲಿಸಿಕೊಂಡು, ಮೈಯನ್ನು ಸಣ್ಣಗೆ ನಡುಗಿಸುತ್ತ. ಅದನ್ನು ನಾನು ಪ್ರೀತಿ ಎಂದುಕೊಂಡೆ. ಪಾಪ, ಸೇರಲು ಒದ್ದಾಡುತ್ತಿವೆ, ನಾವು ಮನುಷ್ಯರು ನಡುವೆ ಅಡ್ಡ ಇಟ್ಟು ಕೂತಿದ್ದೇವೆ ಎಂದುಕೊಂಡೆ. ಅದು ಒಂದರ ಬಲವನ್ನು ಇನ್ನೊಂದು ಅಳೆಯುವ ರೀತಿ ಎಂದು ಆಗ ಗೊತ್ತಿರಲಿಲ್ಲ. ಇಲ್ಲ — ಇದೂ ಪೂರ್ತಿ ನಿಜವಲ್ಲ. ನಾಗರಾಜಣ್ಣನಿಂದ ಆಗದ್ದು ಮಂಜುವಿನಿಂದ ಆಯಿತು ಎನ್ನಿಸಿಕೊಳ್ಳುವ ಆಸೆಯೂ ಇತ್ತು. ಯಾವುದು ಹೆಚ್ಚಿತ್ತು ಎಂದು ಈಗ ಕೇಳಿದರೆ ಹೇಳಲಾರೆ. ಬೆಳಗಿನ ಶಿಫ್ಟಿಗೆ ಹೊರಡುವ ಮುನ್ನ ಹಲಗೆಯನ್ನು ಎತ್ತಿ ಹೊರಗಿಟ್ಟೆ. ಕಾರ್ಖಾನೆಯಿಂದ ಬಂದು ನೋಡಿದರೆ ಒಂದು ಮೀನು ಕಲ್ಲಿನ ಸಂದಿಯಲ್ಲಿ ಸತ್ತು ಬಿದ್ದಿತ್ತು. ರೆಕ್ಕೆಯೆಲ್ಲ ಚಿಂದಿಯಾಗಿತ್ತು, ಒಂದು ಕಣ್ಣು ಇರಲಿಲ್ಲ. ಇನ್ನೊಂದು ಏನೂ ನಡೆದೇ ಇಲ್ಲ ಎಂಬಂತೆ ನನ್ನ ಕೈ ಕಂಡು ಊಟಕ್ಕೆ ಬಂತು.

ಹೆದರಿಕೆಯಾಯಿತು. ನಾಗರಾಜಣ್ಣ ಬೈಯುತ್ತಾರೆಂದಲ್ಲ, ಬೈಯದೆ ಮುಖ ಸಣ್ಣದು ಮಾಡಿಕೊಂಡು ಸುಮ್ಮನೆ ಕೂತುಬಿಡುತ್ತಾರೆಂದು. ರಜೆ ಹಾಕಿ ಬೆಂಗಳೂರಿನ ಬಸ್ಸು ಹತ್ತಿದೆ. ಅದೇ ಪಟ್ಟೆ, ಅದೇ ಗಾತ್ರದ್ದು ಬೇಕು ಎಂದು ಕೇಳಿದಾಗ ಅಂಗಡಿಯವನು ಬೇಡ ಎಂದ. ಸಮಬಲದವು ಎರಡಿದ್ದರೆ ಒಂದು ಸಾಯುವ ತನಕ ಬಿಡುವುದಿಲ್ಲವಂತೆ. ಈ ಜಾತಿಯಲ್ಲಿ ಬಲವಾದದ್ದೇ ಗಂಡಾಗುತ್ತದಂತೆ, ತೀರ ಚಿಕ್ಕದನ್ನು ತಂದು ಜೊತೆಗೆ ಬಿಟ್ಟರೆ ಅದು ತಿರುಗಿ ಬೀಳದೆ ಹೆಣ್ಣಾಗಿ ಉಳಿದುಬಿಡುತ್ತದಂತೆ. ಚಿಕ್ಕದನ್ನೇ ತಂದೆ. ದೊಡ್ಡದು ಒಂದಷ್ಟು ಅಟ್ಟಾಡಿಸಿತು, ಚಿಕ್ಕದು ಓಡಿತು, ಬಗ್ಗಿತು, ಜಗಳ ಅಲ್ಲಿಗೆ ನಿಂತಿತು. ಆಮೇಲೆ ಸಂಜೆ ಹೊತ್ತಿಗೆ ಎರಡೂ ಜೊತೆಯಾಗಿ ನೀರಿನಲ್ಲಿ ಮೇಲೇಳುತ್ತಿದ್ದವು. ಸುಳ್ಳು ಯಾಕೆ ಹೇಳಲಿ, ನೋಡಲು ಚೆನ್ನಾಗಿಯೇ ಇತ್ತು.

ನಿಮ್ಮಪ್ಪ ಊರಿಂದ ಬಂದವರು ಚಪ್ಪಲಿ ಕಳಚುವ ಮೊದಲೇ ಟ್ಯಾಂಕಿನ ಮುಂದೆ ಬಗ್ಗಿದರು.

"ಏನ್ಲಾ, ಇದು ಇಷ್ಟು ಚಿಕ್ಕದಾಗ್ಬುಟ್ಟೈತೆ?"

"ಪೆಟ್ಟು ತಿಂದು ಸೊರಗೈತೆ ಕಣಣ್ಣ. ಅಡ್ಡ ನಾನೇ ತೆಗ್ದೆ, ಬೈಬ್ಯಾಡ. ಈಗ ಹೊಂದ್ಕೊಂಡವೆ."

ಕಾರ್ಖಾನೆಯಲ್ಲಿ ನನ್ನ ಕೆಲಸವೇ ಕೆಟ್ಟ ಮಾಲನ್ನು ಹುಡುಕಿ ಪಕ್ಕಕ್ಕೆ ಹಾಕುವುದು. ಅಂಥವನ ಬಾಯಿಂದ ಈ ಮಾತು ಎಷ್ಟು ಸಲೀಸಾಗಿ ಬಂತು. ಮಕ್ಕಳ ಉತ್ತರಪತ್ರಿಕೆಯಲ್ಲಿ ಒಂದು ಅಕ್ಷರ ಬಿಟ್ಟುಹೋದರೂ ಗುರುತಿಸುವ ಮನುಷ್ಯ ನಿಮ್ಮಪ್ಪ — ಪಟ್ಟೆ ಬೇರೆಯಾಗಿದ್ದದ್ದು ಅವರಿಗೆ ಕಾಣಲಿಲ್ಲವೇ? ಕಂಡೂ ನಂಬಿದರೇ? ಇವತ್ತಿಗೂ ನನಗೆ ಅರ್ಥವಾಗಿಲ್ಲ. ಅವತ್ತು ಅವರು ನನ್ನ ಭುಜ ತಟ್ಟಿ ಕಾಫಿ ಮಾಡಿಸಿದರು.

ಅಲ್ಲಿಂದ ಅದೊಂದು ಕಥೆಯಾಯಿತು. ತಮಿಳಿನವರು ಬಂದರೆ ತಮಿಳಿನಲ್ಲಿ, ತೆಲುಗಿನವರು ಬಂದರೆ ತೆಲುಗಿನಲ್ಲಿ, ನಮ್ಮವರಿಗೆ ಕನ್ನಡದಲ್ಲಿ ಅದನ್ನೇ ಹೇಳುತ್ತಿದ್ದರು. ಎಂಥಾ ಜಗಳವಿದ್ದರೂ ಸ್ವಲ್ಪ ದಿನ ದೂರವಿಟ್ಟು ತಾಳ್ಮೆಯಿಂದ ಕಾದರೆ ಸರಿಹೋಗುತ್ತದೆ, ಬೇಕಾದರೆ ಈ ಮಂಜನನ್ನು ಕೇಳಿ ಎನ್ನುತ್ತಿದ್ದರು. ನಾನು ಪಕ್ಕದಲ್ಲಿ ತಲೆಯಾಡಿಸುತ್ತಿದ್ದೆ. ಒಂದು ಮೀನಿನ ಕಥೆಯಿಂದ ಯಾರಿಗೆ ಏನು ನಷ್ಟ ಎಂದುಕೊಂಡಿದ್ದೆ.

ಆಮೇಲೆ ನೀನು ಬಂದೆ. ಒಂದು ಚೀಲ ಹಿಡಿದುಕೊಂಡು ಒಬ್ಬಳೇ, ತೋಳಿನ ಮೇಲೆ ಬೆರಳುಗಳ ಗುರುತು. ಗಂಡ ಹೊಡೆಯುತ್ತಾನೆ, ಇನ್ನು ಹೋಗುವುದಿಲ್ಲ ಎಂದೆ. ನಿಮ್ಮಮ್ಮ ಅಡುಗೆಮನೆಯ ಬಾಗಿಲಲ್ಲಿ ಸೆರಗು ಬಾಯಿಗೆ ಹಿಡಿದು ನಿಂತಿದ್ದರು. ನಿಮ್ಮಪ್ಪ ಕೆಟ್ಟವರಲ್ಲ ಭಾರತಿ. ನಿನ್ನನ್ನು ಹಿಂದಕ್ಕೆ ಅಟ್ಟಬೇಕೆಂದು ಅವರಿಗಿರಲಿಲ್ಲ. ಏನು ಮಾಡಬೇಕೆಂದು ಹೊಳೆಯದೆ, ಕೈಗೆ ಸಿಕ್ಕಿದ್ದನ್ನು ಹಿಡಿದರು. ನಿನ್ನನ್ನು ಟ್ಯಾಂಕಿನ ಮುಂದೆ ಕೂರಿಸಿದರು.

"ನೋಡವ್ವ, ಇವೂ ಹಂಗೇ ಕಚ್ಚಾಡ್ತಿದ್ವು. ಒಂದು ಸಾಯ್ತದೆ ಅಂತ್ಲೇ ಅಂದ್ಕೊಂಡಿದ್ದೆ. ಸ್ವಲ್ಪ ದಿನ ಬ್ಯಾರೆ ಇಟ್ಟು ಬುಟ್ಟೆ. ಈಗ ನೋಡು. ನೀನೂ ಒಂದಷ್ಟು ದಿನ ಇಲ್ಲಿರು. ಅವನ ಕ್ವಾಪ ಇಳೀಲಿ, ಆಮ್ಯಾಕೆ ಹೋಗುವಂತೆ."

ನೀನು ಮೀನನ್ನು ನೋಡಲೇ ಇಲ್ಲ. ಅಪ್ಪನನ್ನೂ ನೋಡಲಿಲ್ಲ. ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದ ನನ್ನ ಕಡೆ ತಿರುಗಿದೆ.

"ನಿಜವಾ ಚಿಕ್ಕಪ್ಪ? ಆಗ ನೀವೇ ಅಲ್ವಾ ನೋಡ್ಕೊಂಡಿದ್ದು?"

ನಿಮ್ಮಪ್ಪ ನನ್ನ ಮುಖವನ್ನೇ ನೋಡುತ್ತಿದ್ದರು. ನಿಜ ಹೇಳಿದರೆ ಅವರ ಮುಂದೆ ನಾನು ಏನಾಗುತ್ತೇನೆ ಎಂಬ ಯೋಚನೆ ಬಂತು. ನೀನು ಏನಾಗುತ್ತೀಯ ಎಂಬ ಯೋಚನೆ — ಬಂತೋ ಇಲ್ಲವೋ, ಎಷ್ಟು ನೆನಪು ಮಾಡಿಕೊಂಡರೂ ಸಿಗುತ್ತಿಲ್ಲ. ಬಂದಿರಲಿಲ್ಲ ಎಂದೇ ಕಾಣುತ್ತದೆ.

"ಊಂ ಕಣವ್ವ," ಎಂದೆ. "ನಾನೇ ಕಣ್ಣಾರೆ ಕಂಡಿವ್ನಿ. ಹೊಂದ್ಕೊಂಡ್ವು."

ನೀನು ಅವನ ಮನೆಗೆ ವಾಪಸ್ಸು ಹೋದೆ. ಮುಂದಿನದು ನನಗಿಂತ ನಿನಗೆ ಗೊತ್ತು. ಅವನ ಏಟಿಗೆ ನಿನ್ನ ಎಡಗಿವಿ ಇನ್ನು ಕೇಳಿಸುವುದಿಲ್ಲ ಎಂದು ಆಸ್ಪತ್ರೆಯಲ್ಲಿ ಹೇಳಿದಾಗ ನಾನೂ ಅಲ್ಲೇ ಇದ್ದೆ. ಅವತ್ತೂ ಹೇಳಬಹುದಿತ್ತು. "ಮೀನು ನೋಡಿ ಮಗಳನ್ನ ಕಳಿಸ್ದೋರು ನೀವು," ಎಂದು ನೀನು ಅಪ್ಪನಿಗೆ ಅಂದಾಗಲೂ ಹೇಳಬಹುದಿತ್ತು. ಅವರು ಆ ವಾರವೇ ಟ್ಯಾಂಕ್ ಖಾಲಿ ಮಾಡಿಸಿ ಮೀನುಗಳನ್ನು ಯಾರಿಗೋ ಕೊಟ್ಟುಬಿಟ್ಟರು. ಸಾಮಾನು ಹೊರಲು ನಾನೇ ಕೈಹಾಕಿದೆ, ಆದರೆ ಬಾಯಿ ಬಿಡಲಿಲ್ಲ.

ಈಗ ನೀನು ಅವಲಪಲ್ಲಿಯ ಬಾಡಿಗೆ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳಿಕೊಂಡು ನಿನ್ನ ಕಾಲ ಮೇಲೆ ನೀನು ನಿಂತಿದ್ದೀಯ. ಅಮ್ಮ ಬಂದರೆ ಮಾತಾಡಿಸುತ್ತೀಯ. ಅಪ್ಪ ಬಂದರೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತೀಯ. ನಾನು ಬಂದರೆ? ಬನ್ನಿ ಚಿಕ್ಕಪ್ಪ ಎಂದು ಕುರ್ಚಿ ಎಳೆದು, ಕಾಫಿ ಕೊಟ್ಟು, ನಾನು ಹೇಳುವುದು ಕೇಳಿಸಲಿ ಎಂದು ಬಲಗೆನ್ನೆ ನನ್ನ ಕಡೆ ತಿರುಗಿಸಿಕೊಂಡು ಕೂರುತ್ತೀಯ. ಆ ಕಾಫಿಯನ್ನು ಅರ್ಧಕ್ಕೇ ಇಟ್ಟು ಎದ್ದು ಬರುತ್ತೇನೆ.

ಮೊನ್ನೆ ಭಾನುವಾರ ನಿಮ್ಮಪ್ಪನಿಗೆ ಎಲ್ಲ ಹೇಳಿಬಿಟ್ಟೆ. ಕೂಗಾಡುತ್ತಾರೆ, ಕೈ ಎತ್ತುತ್ತಾರೆ, ಏನಾದರೂ ಆಗಲಿ ಎಂದುಕೊಂಡು ಹೋಗಿದ್ದೆ. ಅವರು ಹಿಂದೆ ಟ್ಯಾಂಕ್ ಇದ್ದ ಗೋಡೆಯ ಕಡೆ ತಿರುಗಿದರು.

"ಮೀನು ಯಾವ್ದಾದ್ರೇನ್ಲಾ," ಎಂದರು. "ಕಳ್ಸಿದ್ದು ನಾನು. ಅವ್ಳಿಗೆ ಹೇಳ್ಬ್ಯಾಡ. ನಿನ್ನ ಕೂಡಾದ್ರೂ ಮಾತಾಡ್ತವಳೆ, ಅದೂ ನಿಂತೋದಾತು."

ಅವರ ಮಾತು ಕೇಳಿ ನನ್ನ ತಲೆ ಇನ್ನಷ್ಟು ಕೆಟ್ಟಿತು. ನಿನಗೊಬ್ಬ ಮನುಷ್ಯ ಉಳಿದಿರಲಿ ಎಂದು ನನ್ನ ತಪ್ಪನ್ನೂ ಅವರೇ ಇಟ್ಟುಕೊಳ್ಳಲು ನೋಡಿದರು. ನಾನು ಸುಮ್ಮನಿದ್ದರೆ ನಿನಗೆ ಒಳ್ಳೆಯದೋ, ಹೇಳಿದರೆ ಒಳ್ಳೆಯದೋ? ಹೇಳುತ್ತಿರುವುದು ನಿನಗೋಸ್ಕರವೋ, ನನ್ನ ಎದೆಯ ಭಾರ ಇಳಿಸಿಕೊಳ್ಳುವುದಕ್ಕೋ? ಅಂದು ನಾನು ನಿಜ ಹೇಳಿದ್ದರೂ ಎಲ್ಲರೂ ಸೇರಿ ನಿನ್ನನ್ನು ಹೇಗೂ ಕಳಿಸಿಬಿಡುತ್ತಿದ್ದೆವೋ ಏನೋ — ಈ ಕೊನೆಯದನ್ನು ಬಹಳ ಸಲ ಯೋಚಿಸಿದ್ದೇನೆ. ಅದರ ನೆರಳಲ್ಲಿ ಬಚ್ಚಿಟ್ಟುಕೊಳ್ಳಲು ಚೆನ್ನಾಗಿರುತ್ತದೆ. ಆದರೆ ನೀನು ನನ್ನ ಕಡೆ ತಿರುಗಿ ಕೇಳಿದ್ದು ನೆನಪಾದರೆ ಅಲ್ಲಿ ನಿಲ್ಲಲಾಗುವುದಿಲ್ಲ.

ಅವರು ಹೇಳಬೇಡ ಎಂದರೂ ಹೇಳಿದ್ದೇನೆ. ನನ್ನನ್ನು ಕ್ಷಮಿಸು ಎಂದು ಕೇಳುವುದಿಲ್ಲ. ಇನ್ನು ನಿನ್ನ ಮನೆ ಬಾಗಿಲಿಗೆ, ನೀನಾಗಿ ಕರೆಯದೆ ಬರುವುದೂ ಇಲ್ಲ. ನಿಮ್ಮಪ್ಪ ಬಂದಾಗ ನೀನು ಹಾಕಿಕೊಳ್ಳುವ ಬಾಗಿಲು ಅವರಿಗೆ ಸಲ್ಲಬೇಕಾದದ್ದಲ್ಲ. ಅವತ್ತು ನೀನು ಅವರ ಮಾತು ನಂಬಿ ಅವನ ಮನೆಗೆ ಹೋಗಲಿಲ್ಲ ಭಾರತಿ. ನನ್ನನ್ನು ಕೇಳಿ ಹೋದೆ.