ಅತ್ತೆವ್ವನ ಕೋಟೆಯ ಇಪ್ಪತ್ತನೆಯವರು

ಮಲಕಪ್ಪನವರ ಬಲಗೈ ನಡುಗುತ್ತದೆ. ಸೆಕೆಂಡಿಗೆ ಐದರಿಂದ ಆರು ಸಲ. ಅಲುಗಾಟ ಅಳೆಯುವ ಆ್ಯಪ್ ಹಾಕಿದ ಫೋನನ್ನು ಅಂಗೈ ಮೇಲಿಟ್ಟುಕೊಂಡು ಅವರೇ ಅಳೆದು ನೋಡಿದ್ದಾರೆ. ಇದು ಮನೆತನದಿಂದ ಬಂದ ನಡುಕ, ಜೀವಕ್ಕೇನೂ ಅಪಾಯವಿಲ್ಲ ಎಂದು ಡಾಕ್ಟರು ಹೇಳಿದ್ದರು. ಅಪಾಯವಿದ್ದದ್ದು ಕೆಲಸಕ್ಕೆ. ಬಿಜಾಪುರದ ಇಂಡಿ ತಾಲೂಕಿನಿಂದ ಬಿ.ಎಸ್ಸಿ. ಮುಗಿಸಿಕೊಂಡು ಪುಣೆಗೆ ಬಂದವರು ಇಪ್ಪತ್ತೆರಡು ವರ್ಷ ತಳೇಗಾಂವ ದಾಭಾಡೆಯ ಒಂದು ಕಾರ್ಖಾನೆಯ ಪ್ರಯೋಗಾಲಯದಲ್ಲಿ ಉಕ್ಕಿನ ಗಡಸುತನ ಅಳೆದರು. ವಜ್ರದ ಮೊನೆಯನ್ನು ಉಕ್ಕಿನ ಮೇಲೆ ಒತ್ತಿ, ಬಿದ್ದ ಕುಳಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಲೆಕ್ಕ ಹಾಕುವ ಕೆಲಸ. ಕೈ ನಡುಗಲು ಶುರುವಾದ ಮೇಲೆ ಅವರನ್ನು ಕಾಗದಪತ್ರದ ಮೇಜಿಗೆ ಕೂರಿಸಿದರು. ಈಗ ಬೇರೆಯವರು ಅಳೆದದ್ದನ್ನು ಅವರು ಬರೆಯುತ್ತಾರೆ.

ಕೋಥರೂಡಿನ ಅವರ ಎರಡು ಕೋಣೆಯ ಫ್ಲ್ಯಾಟಿನಲ್ಲಿ, ಕಿಟಕಿಯ ಪಕ್ಕ, ಒಂದು ಕಂಪ್ಯೂಟರ್ ಇದೆ. ಅದರ ಮುಂದೆ ಮಾತ್ರ ಯಾರೂ ಅವರ ಕೈ ನೋಡುತ್ತಿರಲಿಲ್ಲ.

ಲಾಕ್‌ಡೌನ್ ಕಾಲದಲ್ಲಿ ಪುಣೆಯ ಕನ್ನಡದವರ ಒಂದು ವಾಟ್ಸ್ಆ್ಯಪ್ ಗುಂಪಿನಲ್ಲಿ ಯಾರೋ ಕೇಳಿದರು, ಆನ್‌ಲೈನ್ ಆಟ ಆಡುವವರು ಯಾರಾದರೂ ಇದ್ದೀರಾ ಎಂದು. ಹಾಗೆ ಸೇರಿದ ಪಡೆ. ಆಟದ ಕೊಟ್ಟಕೊನೆಯಲ್ಲಿ ಒಂದು ಕೋಟೆ. ಕೋಟೆಯೊಳಗೆ ಬೆಂಕಿ ಸುರಿಯುವ ಒಬ್ಬ ಮುದುಕಿ ರಾಣಿ. ಅವಳನ್ನು ಕೊಲ್ಲಲು ಇಪ್ಪತ್ತು ಜನ ಒಂದೇ ಹೊತ್ತಿಗೆ ಬೇಕು, ಒಬ್ಬರು ಕಡಿಮೆಯಾದರೂ ಬಾಗಿಲು ತೆರೆಯುವುದಿಲ್ಲ. ರಾಣಿಗೆ ಇಂಗ್ಲಿಷಿನ ಉದ್ದ ಹೆಸರಿತ್ತು. ಮಲಕಪ್ಪನವರು ಅವಳನ್ನು ಅತ್ತೆವ್ವ ಎಂದು ಕರೆದರು, ಉಳಿದವರಿಗೂ ಅದೇ ರೂಢಿಯಾಯಿತು. ಪ್ರತಿ ಭಾನುವಾರ ಮಧ್ಯಾಹ್ನ ಎರಡರಿಂದ ಐದರವರೆಗೆ ಯುದ್ಧ.

"ನಮ್ಮವ್ವನ್ನ ಎಷ್ಟು ಸರ್ತಿ ಕೊಲ್ಲತೀರಿ?" ಎಂದು ಹೆಂಡತಿ ಇಂದೂ ಅಡುಗೆಮನೆಯಿಂದ ಕೇಳುತ್ತಿದ್ದಳು.

"ಇನ್ನೂ ಒಂದ್ ಸರ್ತಿನೂ ಆಗಿಲ್ಲ."

"ಅಕಿ ಗಟ್ಟಿ ಅದಾಳ್ರಿ. ನಿಮ್ಮ ಕೈಲೆ ಸಾಯಾಂಗಿಲ್ಲ."

ಮಲಕಪ್ಪನವರ ಕೆಲಸ ಹೊಡೆಯುವುದಲ್ಲ, ಕೂಗಿ ಹೇಳುವುದು. ಯಾವಾಗ ಬೆಂಕಿ, ಯಾವ ಕಡೆಗೆ ಓಡಬೇಕು ಎಂದು ನೋಡಿ ಹೇಳುವವರು ಅವರು. ಮೊದಲ ವರ್ಷವೇ ಒಂದು ಅನಾಹುತವಾಯಿತು. ಬೆಂಕಿ ಬರುವುದು ಕಂಡು ಅವರು "ಸರಿ! ಸರಿ!" ಎಂದು ಕೂಗಿದರು. ಇಂಡಿಯಲ್ಲಿ ಹಾಗೆಂದರೆ ಪಕ್ಕಕ್ಕೆ ಹೋಗು ಎಂದೇ ಅರ್ಥ. ಒಪ್ಪಿಗೆಗೆ ಅಲ್ಲಿ ಬರೋಬರಿ ಇದೆ, ಹೂನ್ರಿ ಇದೆ. ಬೆಂಗಳೂರು, ಮೈಸೂರು, ಮಂಗಳೂರಿನವರು ಅದನ್ನು ಶಾಭಾಸ್‌ಗಿರಿ ಎಂದುಕೊಂಡು ಇದ್ದಲ್ಲೇ ನಿಂತರು. ಅಂದು ಅವರು ನೋಟ್‌ಬುಕ್ಕಿನಲ್ಲಿ ಬರೆದರು: "ಸತ್ತವರು 11. ಎಲ್ಲರೂ ತುಂಗಭದ್ರೆಯ ಆಚೆಯವರು. ಬದುಕಿದವರು 9. ಕಾರಣ: ಸರಿ."

ಅದನ್ನು ಓದಿ ಹೇಳಿದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು. ಆ ಪದವನ್ನು ಪಡೆಯಲ್ಲಿ ನಿಷೇಧಿಸಲಾಯಿತು. ಬದಲಿಗೆ ಪುಣೆಯ ಸಿಟಿ ಬಸ್ಸಿನ ಕಂಡಕ್ಟರ್ ಮರಾಠಿಯಲ್ಲಿ ಕೂಗುವ "ಸರಕಾ, ಪುಢೇ ಸರಕಾ" ಬಂತು. ಆ ಮಾತಿಗೆ ಜರುಗದ ಕನ್ನಡಿಗ ಪುಣೆಯಲ್ಲಿಲ್ಲ. ಐದು ವರ್ಷ ಅದೇ ನಡೆಯಿತು.

ಈ ವರ್ಷ ಆಟದ ಕಂಪನಿಯವರು ಪ್ರಕಟಣೆ ಹೊರಡಿಸಿದರು. ಇಪ್ಪತ್ತು ಜನರ ಕೋಟೆಗೆ ಬರುವವರು ಕಡಿಮೆಯಾಗಿದ್ದಾರೆ. ತಿಂಗಳ ಕೊನೆಯ ಮಂಗಳವಾರ ಅದನ್ನು ಮುಚ್ಚುತ್ತೇವೆ. ಮುಂದಿನ ಯುದ್ಧಗಳೆಲ್ಲ ಐದು ಜನರವು. ಪಡೆಯ ಪಾಲಿಗೆ ಉಳಿದದ್ದು ಒಂದೇ ಭಾನುವಾರ. ಅದುವರೆಗಿನ ಅತ್ಯುತ್ತಮ ಪ್ರಯತ್ನದಲ್ಲಿ ಅತ್ತೆವ್ವನ ಜೀವ ನೂರರಲ್ಲಿ ನಾಲ್ಕು ಪಾಲು ಉಳಿದಿತ್ತು.

ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಪಡೆಯ ನಾಲ್ವರು ಪುಣೆಯ ಕ್ಯಾಂಪ್ ಪ್ರದೇಶದಲ್ಲಿರುವ ಕುಶಲನ ಹೋಟೆಲಿನಲ್ಲಿ ಸೇರಿದರು. ಕುಶಲ ಕುಂದಾಪುರದ ಕಡೆಯವನು, ಅಪ್ಪನ ಕಾಲದ ಹೋಟೆಲನ್ನು ನಡೆಸುತ್ತಾನೆ. ಸುಹಾಸ ಮತ್ತು ಸಿಂಧೂರ ಬೆಂಗಳೂರಿನ ಕಡೆಯಿಂದ ಬಂದ ಐ.ಟಿ. ಮಂದಿ. ಪಡೆಯ ಅಂಕಿ ಅಂಶ ಇಡುವುದನ್ನು ಸುಹಾಸನಿಗೆ ಕಲಿಸಿದವರೇ ಮಲಕಪ್ಪನವರು. ಅಂದಾಜು ಬರೆಯಬೇಡ ತಮ್ಮಾ, ಅಳತಿ ಬರಿ ಎಂದು ಎಷ್ಟೋ ಸಲ ತಿದ್ದಿದ್ದರು.

ಕುಶಲ ಗೋಳಿಬಜೆ ತಂದಿಟ್ಟ. ಎಲ್ಲರಿಗೂ ತುಂಬಿದ ಲೋಟದಲ್ಲಿ ಚಹಾ, ಮಲಕಪ್ಪನವರಿಗೆ ದೊಡ್ಡ ಲೋಟದಲ್ಲಿ ಅರ್ಧ. ಚೆಲ್ಲಬಾರದೆಂದು ಅವನು ಮೊದಲಿನಿಂದ ಹಾಗೆಯೇ ಕೊಡುತ್ತಿದ್ದ. ಒಮ್ಮೆಯೂ ಅದರ ಬಗ್ಗೆ ಮಾತಾಡಿರಲಿಲ್ಲ.

"ಮುಚ್ಚೋದೇ ಒಳ್ಳೇದು ಬಿಡಿ" ಎಂದ ಸುಹಾಸ. "ಇಪ್ಪತ್ತು ಜನನ ಒಂದೇ ಟೈಮಿಗೆ ಕೂರಿಸೋದೇ ಒಂದು ಪ್ರಾಜೆಕ್ಟು. ಒಬ್ರಿಗೆ ಕರೆಂಟ್ ಇಲ್ಲ, ಒಬ್ರ ಮಗು ಅಳ್ತಿದೆ, ಒಬ್ರು ಊಟಕ್ಕೆ ಹೋದೋರು ಬರಲ್ಲ. ಈ ಕಾಲಕ್ಕೆ ಅದು ಆಗೋ ಹೋಗೋ ಮಾತಾ?"

"ಮೂರು ತಾಸಿನಾಗ ಐವತ್ತಮೂರು ನಿಮಿಷ ಕಾಯೂದಕ್ಕ ಹೋಗ್ತದ" ಎಂದರು ಮಲಕಪ್ಪನವರು. "ನಾನ ಅಳದೀನಿ. ಆದ್ರ ಐದು ಮಂದಿ ಅಂದ್ರ ಐದೂ ಮಂದಿ ಚಲೋ ಇರಬೇಕಾಗ್ತದ. ಇಪ್ಪತ್ತು ಮಂದ್ಯಾಗ ಒಬ್ಬ ಮೆತ್ತಗಿದ್ರೂ ನಡೀತದ ನೋಡು."

"ಅದೇ ಸರ್ ಪ್ರಾಬ್ಲಮ್ಮು."

ಸುಹಾಸ ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿದ. ಇಪ್ಪತ್ತು ಹೆಸರು, ಪ್ರತಿ ಹೆಸರಿನ ಮುಂದೆ ಅತ್ತೆವ್ವನಿಗೆ ಬಿದ್ದ ಪೆಟ್ಟಿನ ಪಾಲು. ಸಾಮಾನ್ಯ ಆಟಗಾರನದು ಶೇಕಡ ಐದು. ಎಲ್ಲಕ್ಕಿಂತ ಕೆಳಗೆ ಮಲಕಪ್ಪ: ಸೊನ್ನೆ ಬಿಂದು ಮೂರು.

"ನಮಗೆ ಬೇಕಿರೋದು ನಾಲ್ಕು. ನಿಮ್ಮ ಜಾಗಕ್ಕೆ ಒಬ್ಬ ನಾರ್ಮಲ್ ಪ್ಲೇಯರ್ ಬಂದ್ರೆ ಸಾಕು. ನಮ್ಮ ಆಫೀಸಿನ ಹರ್ಷಾ ಇದಾನೆ, ಮೈಸೂರಿನೋನು. ನೀವೇ ಹೇಳಿ ಸರ್, ಲೆಕ್ಕ ತಪ್ಪಾ?"

ಲೆಕ್ಕ ತಪ್ಪಿರಲಿಲ್ಲ. ಎಂಟು ತಿಂಗಳಿಂದ ಮಲಕಪ್ಪನವರಿಗೆ ಅದು ಗೊತ್ತಿತ್ತು. ಅವರ ನೋಟ್‌ಬುಕ್ಕಿನಲ್ಲಿ ಬೆಂಕಿಯ ಹೊತ್ತಿತ್ತು, ಸತ್ತವರ ಸಂಖ್ಯೆಯಿತ್ತು, ಕಾಯ್ದ ನಿಮಿಷಗಳಿದ್ದವು. ಯಾರ ಪೆಟ್ಟು ಎಷ್ಟು ಎಂಬ ಒಂದು ಕಾಲಮ್ಮನ್ನು ಮಾತ್ರ ಅವರು ಎಂದೂ ಎಳೆದಿರಲಿಲ್ಲ. ಬದುಕಿನಲ್ಲಿ ಅವರು ಬರೆಯದೆ ಬಿಟ್ಟ ಅಳತೆ ಅದೊಂದೇ.

"ಮತ್ತ ಕೂಗವರು ಯಾರು?" ಎಂದರು.

ಸಿಂಧೂರ ಚಹಾದ ಲೋಟದೊಳಗೆ ನೋಡಿದಳು. ಸುಹಾಸ ಒಂದು ಗುಂಡಿ ಒತ್ತಿದ. ಲ್ಯಾಪ್‌ಟಾಪಿನಿಂದ ಮಲಕಪ್ಪನವರ ದನಿಯೇ ಬಂತು: "ಎಡಕ್ಕ ಸರಕಾ! ಪುಢೇ ಸರಕಾ!"

"ಹಳೇ ರೆಕಾರ್ಡಿಂಗಿಂದ ಕಟ್ ಮಾಡ್ದೆ. ಟೈಮರ್ ಹಾಕಿದೀನಿ, ಸೆಕೆಂಡ್ ಸೆಕೆಂಡಿಗೂ ಕರೆಕ್ಟಾಗಿ ಬರುತ್ತೆ. ಒಂಥರಾ ನೀವು ಇದ್ದಂಗೇ ಅಲ್ವಾ?"

ಮಲಕಪ್ಪನವರು ಲೋಟ ಎತ್ತಲು ಹೋದರು. ಅರ್ಧ ಲೋಟವೂ ಚೆಲ್ಲಿತು. ಮೇಜಿನ ಮೇಲೆ ಹರಿದ ಚಹಾವನ್ನೂ ಅವರ ಕೈಯನ್ನೂ ಸುಹಾಸ ನೋಡಿದ.

"ಓ, ಇದಕ್ಕಾ ಸರ್ ನಿಮ್ಮ ಕ್ಲಿಕ್ ಲೇಟು?" ಎಂದ. ದನಿಯಲ್ಲಿ ನಿಜವಾದ ಮರುಕವಿತ್ತು. "ಮೊದ್ಲೇ ಹೇಳ್ಬಾರ್ದಾ? ಆವಾಗ್ಲೇ ರೀಪ್ಲೇಸ್ ಮಾಡ್ತಿದ್ವಿ. ಸುಮ್ನೆ ಕಷ್ಟಪಟ್ರಲ್ಲ."

"ಎಂತ ಮಾತು ಮಾರಾಯ ಇದು" ಎಂದು ಕುಶಲ ಬಟ್ಟೆ ತಂದು ಒರೆಸಿದ. ಆದರೆ ಹರ್ಷಾ ಬೇಡ ಎನ್ನಲಿಲ್ಲ. ಐದು ವರ್ಷ ಭಾನುವಾರದ ನಿದ್ದೆ ಬಿಟ್ಟವನು ಅವನು. ಅತ್ತೆವ್ವ ಸಾಯುವುದನ್ನು ಅವನೂ ನೋಡಬೇಕಾಗಿತ್ತು.

"ನಾಳೆ ಹರ್ಷಾ ಆಡ್ತಾನೆ. ನೀವು ಸಿಂಧೂರ ಸ್ಕ್ರೀನಲ್ಲಿ ನೋಡ್ತಾ ಇರಿ, ಮೈಕ್ ಆನ್ ಇಟ್ರೂ ಪರವಾಗಿಲ್ಲ. ಸರಿನಾ ಸರ್?"

ಮಲಕಪ್ಪನವರು ತಮಗರಿವಿಲ್ಲದೆ ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಎಳೆದುಕೊಂಡರು.

ಭಾನುವಾರ ಎರಡಕ್ಕೆ ಅವರು ಕಂಪ್ಯೂಟರಿನ ಮುಂದೆ ಕೂತರು. ಪರದೆಯಲ್ಲಿ ಸಿಂಧೂರಳ ಆಟ ಕಾಣುತ್ತಿತ್ತು, ನಿಜವಾದ ಆಟಕ್ಕಿಂತ ಒಂದು ಸೆಕೆಂಡ್ ತಡವಾಗಿ. ಅಭ್ಯಾಸಬಲದಿಂದ ನೋಟ್‌ಬುಕ್ ತೆರೆದು ತಾರೀಖು ಹಾಕಿದರು. ಮೊದಲ ಪ್ರಯತ್ನ ಶೇಕಡ ಮೂವತ್ತಕ್ಕೆ ಸೋತಿತು, ಎರಡನೆಯದು ಹನ್ನೆರಡಕ್ಕೆ, ಮೂರನೆಯದು ಒಂಬತ್ತಕ್ಕೆ. ಪ್ರತಿ ಸಲ ಅವರ ದನಿ ಅವರಿಲ್ಲದೆ ಕೂಗುತ್ತಿತ್ತು, ಒಂದಿಷ್ಟೂ ತಡವಿಲ್ಲದೆ. ಹರ್ಷಾ ಚೆನ್ನಾಗಿ ಆಡುತ್ತಿದ್ದ.

"ಐದಕ್ಕೆ ನನಗೆ ಹೋಟೆಲ್ ತೆರೀಲಿಕ್ಕುಂಟು" ಎಂದ ಕುಶಲ ನಾಲ್ಕೂವರೆಗೆ. "ಇದೇ ಲಾಸ್ಟ್. ಸತ್ರೆ ಅವಳು, ಇಲ್ಲದಿದ್ರೆ ನಾವು."

ನಾಲ್ಕನೆಯ ಪ್ರಯತ್ನದಲ್ಲಿ ಎಲ್ಲವೂ ಕೂಡಿ ಬಂತು. ಅತ್ತೆವ್ವನ ಜೀವ ಹತ್ತಕ್ಕೆ, ಆರಕ್ಕೆ, ಐದು ವರ್ಷ ದಾಟಲಾಗದ ನಾಲ್ಕಕ್ಕೆ ಇಳಿಯಿತು. ಅಲ್ಲಿಂದ ಮೂರಕ್ಕೆ. ಹತ್ತೊಂಬತ್ತು ಗಂಟಲು ಒಟ್ಟಿಗೆ ಕಿರುಚುತ್ತಿದ್ದವು. ಹರ್ಷಾನದು ಇಪ್ಪತ್ತನೆಯದು.

ಇಲ್ಲೊಂದು ವಿಷಯ ಹೇಳಬೇಕು. ಕೊನೆಯ ಹಂತದ ಒಂದು ಬೆಂಕಿಗೆ ಗೊತ್ತಾದ ಹೊತ್ತಿಲ್ಲ. ಅದು ಬರುವ ಮೂರು ಸೆಕೆಂಡ್ ಮೊದಲು ಅತ್ತೆವ್ವನ ಎಡಭುಜ ಸ್ವಲ್ಪ ತಗ್ಗುತ್ತದೆ. ಇದನ್ನು ಮಲಕಪ್ಪನವರು ನೂರಾ ನಲವತ್ತು ಸಲ ನೋಡಿ ಕಂಡುಕೊಂಡಿದ್ದರು. ಟೈಮರಿಗೆ ಭುಜ ಕಾಣುವುದಿಲ್ಲ. ಈಗ ಎಲ್ಲರ ಕಣ್ಣೂ ಇಳಿಯುತ್ತಿದ್ದ ಅಂಕಿಯ ಮೇಲಿತ್ತು. ಶೇಕಡ ಎರಡು. ಒಂದೂವರೆ.

ಭುಜ ತಗ್ಗಿತು.

ಪರದೆ ಒಂದು ಸೆಕೆಂಡ್ ತಡ, ಆದ್ದರಿಂದ ಉಳಿದದ್ದು ಎರಡು ಸೆಕೆಂಡ್. ಸುಮ್ಮನಿದ್ದರೆ ಯಾರೂ ಏನೂ ಅನ್ನುವಂತಿರಲಿಲ್ಲ. ಅವರು ಆಟದಲ್ಲೇ ಇರಲಿಲ್ಲವಲ್ಲ. ಆ ಯೋಚನೆ ಅವರ ತಲೆಗೆ ಬಂದಿತ್ತೇ ಎಂದು ಆಮೇಲೆ ಅವರು ತಮ್ಮನ್ನೇ ಬಹಳ ಸಲ ಕೇಳಿಕೊಂಡರು. ಬಂದಿರಲಿಲ್ಲ. ಬಂದದ್ದು ದನಿ. ಐದು ವರ್ಷ ಕಂಡಕ್ಟರನ ಮಾತನ್ನು ಕಲಿತ ನಾಲಗೆಯಿಂದ, ಆ ಎರಡು ಸೆಕೆಂಡಿನಲ್ಲಿ, ಇಂಡಿಯ ಮಾತು ಹೊರಬಿತ್ತು:

"ಸರಿ! ಸರಿ! ಸರಿ!"

ಬಿಜಾಪುರ, ಕಲಬುರಗಿ, ಸೊಲ್ಲಾಪುರದ ಕಡೆಯ ಎಂಟು ಜನ ನೆಗೆದರು. ಉಳಿದವರು, ಜಾಗ ಬಿಟ್ಟುಕೊಟ್ಟ ಹಿರಿಯರೇ ಬೆನ್ನು ತಟ್ಟುತ್ತಿದ್ದಾರೆಂದು ಹುರುಪಿನಿಂದ ಇದ್ದಲ್ಲೇ ನಿಂತು ಹೊಡೆದರು. "ಥ್ಯಾಂಕ್ಯೂ ಅಂಕಲ್!" ಎಂದು ಸಿಂಧೂರ ಕೂಗಿದ್ದು ಕೇಳಿಸಿತು. ಮರುಕ್ಷಣ ಅವಳ ಪರದೆ ಬೂದಿಬಣ್ಣಕ್ಕೆ ತಿರುಗಿತು. ಕುಶಲ ಸತ್ತ, ಸುಹಾಸ ಸತ್ತ, ಹರ್ಷಾ ಸತ್ತ. ಉಳಿದ ಎಂಟು ಜನರನ್ನು ಅತ್ತೆವ್ವ ಹನ್ನೊಂದು ಸೆಕೆಂಡಿನಲ್ಲಿ ಮುಗಿಸಿದಳು. ಅವಳ ಜೀವ ಶೇಕಡ ಒಂದು ಬಿಂದು ಒಂದಕ್ಕೆ ನಿಂತಿತ್ತು.

ಟೈಮರ್ ಇನ್ನೂ ಓಡುತ್ತಿತ್ತು. "ಬಲಕ್ಕ ಸರಕಾ" ಎಂದಿತು ಮಲಕಪ್ಪನವರ ದನಿ, ಸತ್ತವರಿಗೆ.

"ಬೇಕಂತಾನೇ ಮಾಡಿದ್ರಿ" ಎಂದ ಸುಹಾಸ ಕೊನೆಗೆ.

"ಇಲ್ಲ ತಮ್ಮಾ. ಭುಜ ತಗ್ಗಿತ್ತು. ನಾ ಸರಿ ಅಂದ್ರ..."

"ಸರಿ ಅಂದ್ರೆ ಏನಾಗುತ್ತೆ ಅಂತ ಈ ಇಡೀ ಪುಣೆಯಲ್ಲಿ ನಿಮ್ಮಷ್ಟು ಚೆನ್ನಾಗಿ ಯಾರಿಗೂ ಗೊತ್ತಿಲ್ಲ ಸರ್. ಅದನ್ನ ಬರೆದಿಟ್ಟಿರೋರೇ ನೀವು. ಬ್ಯಾನ್ ಮಾಡಿದ್ದೂ ನೀವು."

"ಅಷ್ಟು ಹೊಟ್ಟೆಕಿಚ್ಚು ಇರೋರು ನಿನ್ನೇನೇ ಆಗಲ್ಲ ಅನ್ಬೇಕಿತ್ತು" ಎಂದ ಹರ್ಷಾ. ಅವನ ದನಿಯನ್ನು ಮಲಕಪ್ಪನವರು ಕೇಳುತ್ತಿದ್ದುದು ಅಂದೇ ಮೊದಲು.

ಬದುಕಿದ ಎಂಟು ಜನರಲ್ಲಿ ಒಬ್ಬನಾದರೂ ಅವರ ಪರವಾಗಿ ಮಾತಾಡಬಹುದಿತ್ತು. ಆ ಕೂಗು ಅವರಿಗೆ ಸರಿಯಾಗಿಯೇ ತಿಳಿದಿತ್ತಲ್ಲ. ಒಬ್ಬೊಬ್ಬರಾಗಿ ಆಟದಿಂದ ಹೊರಗೆ ಹೋದರು. ಮಲಕಪ್ಪನವರು ಕಾದರು. ಕುಶಲನ ಹೆಸರು ಎಲ್ಲರಿಗಿಂತ ಕೊನೆಯವರೆಗೆ ಪರದೆಯ ಮೇಲಿತ್ತು. ಆಮೇಲೆ ಫೋನಿಗೆ ಅವನ ಸಂದೇಶ ಬಂತು: "ಮಲಕಪ್ಪಣ್ಣ, ನನಗೊಬ್ಬನಿಗೆ ನಿಜ ಹೇಳಿ. ಬೇಕಂತ ಮಾಡಿದ್ದಾ?"

ಅರ್ಧ ಲೋಟ ಚಹಾ ಕೊಡುತ್ತಿದ್ದವನು ಕೇಳಿದ ಪ್ರಶ್ನೆ ಇದು. ಅದಕ್ಕೆ ಅವರು ಉತ್ತರ ಬರೆಯಲಿಲ್ಲ. ಎಲ್ಲರೂ ಓದಲಿ ಎಂದು ಪಡೆಯ ವಾಟ್ಸ್ಆ್ಯಪ್ ಗುಂಪಿಗೇ ಬರೆಯತೊಡಗಿದರು: ಭುಜ, ಮೂರು ಸೆಕೆಂಡ್, ಒಂದು ಸೆಕೆಂಡಿನ ತಡ, ಇಂಡಿಯಲ್ಲಿ ಆ ಪದದ ಅರ್ಥ. ಬೆರಳು ಒಂದಕ್ಷರದ ಬದಲು ಇನ್ನೊಂದನ್ನು ಒತ್ತುತ್ತಿತ್ತು. ಅಳಿಸಿ ಅಳಿಸಿ ಬರೆಯಲು ಮೂವತ್ತೆಂಟು ನಿಮಿಷ ಹಿಡಿಯಿತು. ಕಳಿಸಲು ಹೋದಾಗ, ನೀವು ಈ ಗುಂಪಿನಲ್ಲಿಲ್ಲ ಎಂದು ಫೋನು ತೋರಿಸಿತು. ತೆಗೆದದ್ದು ಸುಹಾಸ. ಅವನನ್ನು ಗುಂಪಿನ ಅಡ್ಮಿನ್ ಮಾಡಿದ್ದು ಮಲಕಪ್ಪನವರೇ.

ಇಂದೂ ಚಹಾ ತಂದಿಟ್ಟಳು.

"ಏನ್ರಿ, ಸತ್ತಳೇನು ಅತ್ತೆವ್ವ?"

"ಇಲ್ಲ."

"ಚಲೋ ಆತು ಬಿಡ್ರಿ, ಪಾಪ. ಇಪ್ಪತ್ತು ಮಂದಿ ಕೂಡಿ ಒಬ್ಬ ಮುದುಕಿನ್ನ ಹೊಡೀತಿದ್ರಿ." ಗಂಡನ ಮುಖ ನೋಡಿ ಅವಳು ನಗು ನಿಲ್ಲಿಸಿದಳು. "ಮುಂದಿನ ಐತವಾರ ನೋಡೂಣಂತ."

ಅವರು ನೋಟ್‌ಬುಕ್ ಎಳೆದುಕೊಂಡರು. ನಡುಗುವ ಕೈಯನ್ನು ಎಡಗೈಯಿಂದ ಒತ್ತಿ ಹಿಡಿದು, ಆ ದಿನದ ತಾರೀಖಿನ ಕೆಳಗೆ ಬರೆದರು: "ಮೊದಲು ಸತ್ತವರು 12. ಬದುಕಿದವರು 8. ಕಾರಣ: ಸರಿ." ಐದು ವರ್ಷದ ಹಿಂದಿನ ಪುಟ ತೆಗೆದು ಹೋಲಿಸಿದರು. ಹನ್ನೊಂದು ಇದ್ದದ್ದು ಹನ್ನೆರಡಾಗಿತ್ತು, ಒಂಬತ್ತು ಇದ್ದದ್ದು ಎಂಟಾಗಿತ್ತು. ಇಂಡಿಯವರೊಬ್ಬರು ಹೋಗಿ ಮೈಸೂರಿನವನೊಬ್ಬ ಬಂದಿದ್ದ, ಆ ಒಂದರ ವ್ಯತ್ಯಾಸಕ್ಕೆ ಬೇರೆ ವಿವರಣೆ ಬೇಕಿರಲಿಲ್ಲ. ಆದರೂ ಬಿಟ್ಟರೆ ದಾಖಲೆ ಅಪೂರ್ಣವಾಗುತ್ತದೆಂದು, ಪೆಟ್ಟಿನ ಪಾಲಿಗೆ ಹೊಸದೊಂದು ಕಾಲಮ್ ಎಳೆದು, ಮಲಕಪ್ಪ ಎಂದು ಬರೆದು, ಮುಂದೆ ಸೊನ್ನೆ ಹಾಕಿದರು.